ಫ್ಲ್ಯಾಶ್‌ಗೆ ಯಾವ ಸೆಲ್? ಆಯ್ಕೆ, ಚಾರ್ಜಿಂಗ್, ಅಳತೆ, ಆರೈಕೆ

ಸಾಲಾಗಿ ಮೂರು ಚಿತ್ರ ತೆಗೆದಿರಿ. ಮೊದಲನೆಯದು ಸರಿಯಾಗಿದೆ, ಎರಡನೆಯದು ಮಬ್ಬು, ಮೂರನೆಯದರಲ್ಲಿ ಬರೀ ಕತ್ತಲೆ. ಇಂಥ ಹೊತ್ತಿನಲ್ಲಿ ಬೈಗುಳ ಬೀಳುವುದು ಕ್ಯಾಮೆರಾ ಮೇಲಿನ ಫ್ಲ್ಯಾಶ್‌ಗೆ. ತಪ್ಪು ಮಾತ್ರ ಹೆಚ್ಚಿನ ಸಲ ಅದರ ಹೊಟ್ಟೆಯೊಳಗಿನ ನಾಲ್ಕು ಸೆಲ್‌ಗಳದ್ದು. ಗೋಡೆ ಗಡಿಯಾರಕ್ಕೂ ಟಿವಿ ರಿಮೋಟ್‌ಗೂ ಹಾಕುವ ಎಎ ಅಳತೆಯ ಸೆಲ್ಲೇ ಫ್ಲ್ಯಾಶ್‌ಗೂ ಕೂರುತ್ತದೆ ನಿಜ. ಆದರೆ ಗಡಿಯಾರ ಒಂದು ವರ್ಷ ತೊಟ್ಟು ತೊಟ್ಟಾಗಿ ಕುಡಿಯುವುದಕ್ಕೂ ಫ್ಲ್ಯಾಶ್ ಒಂದೇ ಗುಟುಕಿಗೆ ಹೀರುವುದಕ್ಕೂ ಹೋಲಿಕೆಯೇ ಇಲ್ಲ. ಸೆಲ್ ಆರಿಸುವಾಗ ನೋಡಬೇಕಾದದ್ದು ಅದರಲ್ಲಿ ಎಷ್ಟು ತುಂಬಿದೆ ಎನ್ನುವುದಕ್ಕಿಂತ ಮೊದಲು, ಎಷ್ಟು ಬೇಗ ಸುರಿಯಬಲ್ಲದು ಎನ್ನುವುದನ್ನು.

ಫ್ಲ್ಯಾಶ್ ಕೇಳುವುದು ಏನನ್ನು

ಫ್ಲ್ಯಾಶ್ ಒಳಗೆ ವಿದ್ಯುತ್ತನ್ನು ತುಂಬಿಟ್ಟುಕೊಂಡು ಒಮ್ಮೆಗೇ ಸುರಿಯುವ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ನಾಲ್ಕು ಸೆಲ್‌ಗಳು ಕೊಡುವ ಐದಾರು ವೋಲ್ಟನ್ನು ಒಳಗಿನ ಸರ್ಕ್ಯೂಟ್ ಸುಮಾರು 300ರಿಂದ 330 ವೋಲ್ಟ್‌ಗೆ ಏರಿಸಿ ಆ ಕೆಪಾಸಿಟರನ್ನು ತುಂಬುತ್ತದೆ. ಶಟರ್ ಒತ್ತಿದಾಗ ಅದು ಬೆಳಕು ಚೆಲ್ಲುವ ಝೆನಾನ್ ಅನಿಲದ ಕೊಳವೆಯ ಮೂಲಕ ಖಾಲಿಯಾಗುತ್ತದೆ. ಮತ್ತೆ ತುಂಬಲು ಹಿಡಿಯುವ ಹೊತ್ತೇ ರೀಸೈಕಲ್ ಸಮಯ.

ಲೆಕ್ಕ ಹಾಕಿ ನೋಡಿ. 1400 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 330 ವೋಲ್ಟ್‌ನಲ್ಲಿ ಹಿಡಿದಿಡುವ ಶಕ್ತಿ ಸುಮಾರು 76 ಜೂಲ್. ಸರ್ಕ್ಯೂಟ್ ತಿಂದುಹಾಕುವ ಪಾಲನ್ನೂ ಸೇರಿಸಿದರೆ ಸೆಲ್‌ಗಳಿಂದ ಹೊರಡಬೇಕಾದದ್ದು 100 ಜೂಲ್‌ನಷ್ಟು. ಇದನ್ನು ಎರಡೂವರೆ ಸೆಕೆಂಡಿನಲ್ಲಿ ಕೊಡಬೇಕೆಂದರೆ 40 ವ್ಯಾಟ್. ಐದು ವೋಲ್ಟ್‌ನ ಆಸುಪಾಸಿನಲ್ಲಿ 40 ವ್ಯಾಟ್ ಎಂದರೆ 8 ಆಂಪಿಯರ್. ರಿಮೋಟ್ ಬಯಸುವುದು ಕೆಲವೇ ಮಿಲಿಆಂಪಿಯರ್ ಎಂಬುದನ್ನು ನೆನೆದರೆ ಅಂತರ ತಾನಾಗಿ ಕಾಣುತ್ತದೆ.

ಇಲ್ಲಿ ಅಡ್ಡ ಬರುವುದು ಸೆಲ್‌ನ ಆಂತರಿಕ ರೋಧ, ಅಂದರೆ ಪ್ರವಾಹಕ್ಕೆ ಸೆಲ್ ತಾನೇ ಒಡ್ಡುವ ತಡೆ. ಕೊಡ ಎಷ್ಟೇ ದೊಡ್ಡದಿರಲಿ, ಬಾಯಿ ಕಿರಿದಾಗಿದ್ದರೆ ನೀರು ಗುಳುಗುಳು ಎಂದು ತಡೆತಡೆದೇ ಬೀಳುತ್ತದೆ. ಒಮ್ಮೆ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್ ಹೊಸದಿದ್ದಾಗ ಅದರ ಆಂತರಿಕ ರೋಧ 150ರಿಂದ 300 ಮಿಲಿಓಮ್. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಒಳ್ಳೆಯ ನಿಕೆಲ್ ಮೆಟಲ್ ಹೈಡ್ರೈಡ್ (ಮುಂದೆ ಚಿಕ್ಕದಾಗಿ ನಿಕೆಲ್) ಸೆಲ್‌ನದು 20ರಿಂದ 40. ಎರಡರಿಂದಲೂ 5 ಆಂಪಿಯರ್ ಎಳೆಯಲು ಹೋದರೆ ಆಲ್ಕಲೈನ್‌ನಲ್ಲಿ 0.2 ಓಮ್ ಗುಣಿಸು 5, ಅಂದರೆ ಪೂರಾ 1 ವೋಲ್ಟ್ ಸೆಲ್‌ನೊಳಗೇ ಶಾಖವಾಗಿ ಹೋಗುತ್ತದೆ. ಹೊರಗೆ ಉಳಿಯುವುದು ಅರ್ಧ ವೋಲ್ಟ್. ನಿಕೆಲ್ ಸೆಲ್‌ನಲ್ಲಿ ಕಳೆದುಹೋಗುವುದು 0.15 ವೋಲ್ಟ್ ಮಾತ್ರ, ಉಳಿಯುವುದು 1.05. ಹೊರಕವಚದ ಮೇಲೆ 1.5 ಎಂದು ಅಚ್ಚಾದ ಸೆಲ್ 1.2 ಎಂದು ಅಚ್ಚಾದ ಸೆಲ್‌ಗಿಂತ ಫ್ಲ್ಯಾಶ್‌ನಲ್ಲಿ ನಿಧಾನವಾಗುವುದು ಇದಕ್ಕೇ. "1.2 ವೋಲ್ಟ್ ಸಾಲುತ್ತದೆಯೇ" ಎಂಬ ಅನುಮಾನಕ್ಕೂ ಇದೇ ಉತ್ತರ: ಸಾಲುತ್ತದೆ, ಆಲ್ಕಲೈನ್‌ಗಿಂತ ಚೆನ್ನಾಗಿಯೇ ಸಾಲುತ್ತದೆ.

ಹಂತ 1: ಸೆಲ್‌ನ ಜಾತಿ ಆರಿಸುವುದು

ಮೊದಲು ಫ್ಲ್ಯಾಶ್ ಜೊತೆ ಬಂದ ಕೈಪಿಡಿ ತೆರೆದು ಬ್ಯಾಟರಿ ಪುಟ ಓದಿ. ಯಾವ ಜಾತಿಗೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಜಾತಿಗೊಂದರಂತೆ ರೀಸೈಕಲ್ ಸಮಯವನ್ನೂ ಕೊಟ್ಟಿರುತ್ತಾರೆ. ಆ ಕೋಷ್ಟಕ ಮುಂದೆ ಅಳತೆಗೋಲಾಗಿ ಬೇಕಾಗುತ್ತದೆ. ಫೋನ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಸತು-ಇಂಗಾಲದ ಅಗ್ಗದ ಸೆಲ್‌ಗಳನ್ನು, ಹೆವಿ ಡ್ಯೂಟಿ ಎಂದು ಮೈಮೇಲೆ ಎಷ್ಟೇ ದೊಡ್ಡದಾಗಿ ಬರೆದಿದ್ದರೂ, ಪಕ್ಕಕ್ಕಿಡಿ. ಹೆಸರಿನಲ್ಲಿರುವ ಭಾರ ಸೆಲ್‌ನಲ್ಲಿ ಇರುವುದಿಲ್ಲ.

ಆಲ್ಕಲೈನ್ ಎಲ್ಲೆಡೆ ಸಿಗುತ್ತದೆ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅದರ 2500 ಮಿಲಿಆಂಪಿಯರ್-ಗಂಟೆಯ ಸಾಮರ್ಥ್ಯ ಕೈಗೆ ಸಿಗುವುದು ಸಣ್ಣ ಪ್ರವಾಹದಲ್ಲಿ ಮಾತ್ರ. 1 ಆಂಪಿಯರ್ ಎಳೆದರೇ ಅದು 1000ದ ಒಳಗೆ ಇಳಿದುಬಿಡುತ್ತದೆ. ಫ್ಲ್ಯಾಶ್ ಎಳೆಯುವುದು ಅದರ ಹಲವು ಪಟ್ಟು. ಹೊಸತರಲ್ಲಿ 4 ಸೆಕೆಂಡಿಗೆ ತುಂಬುತ್ತಿದ್ದದ್ದು ಐವತ್ತು ಪೂರ್ಣ ಶಕ್ತಿಯ ಬೆಳಕಿನ ಬಳಿಕ 8, 10 ಸೆಕೆಂಡಿಗೆ ಹೋದರೆ ಆಶ್ಚರ್ಯವಿಲ್ಲ. ಆಪತ್ತಿಗೆ ಬ್ಯಾಗ್ ಮೂಲೆಯಲ್ಲಿ ಒಂದು ಪ್ಯಾಕ್ ಇರಲಿ. ದಿನನಿತ್ಯದ ಬಳಕೆಗೆ ಬೇಡ.

ಬಿಸಾಡುವ ಲಿಥಿಯಂ ಎಎ, ಅಂದರೆ ಲಿಥಿಯಂ-ಕಬ್ಬಿಣ ಡೈಸಲ್ಫೈಡ್ ಸೆಲ್, ತೂಕದಲ್ಲಿ 15 ಗ್ರಾಂ. ಆಲ್ಕಲೈನ್ 23ರಷ್ಟು ಇರುತ್ತದೆ. ಸುಮಾರು 3000 ಮಿಲಿಆಂಪಿಯರ್-ಗಂಟೆ, ಶೂನ್ಯದ ಕೆಳಗೆ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಲಸ, ಕಪಾಟಿನಲ್ಲಿ 20 ವರ್ಷ. ಇಷ್ಟೆಲ್ಲ ಗುಣವಿದ್ದೂ ಬಿಡುವಿಲ್ಲದೆ ಫ್ಲ್ಯಾಶ್ ಹೊಡೆಯುವವರಿಗೆ ಇದು ನಿರಾಸೆ ತರುತ್ತದೆ. ಹೆಸರಾಂತ ತಯಾರಿಕೆಗಳಲ್ಲಿ ಬಿಸಿ ಏರಿದಾಗ ಪ್ರವಾಹವನ್ನು ಕತ್ತು ಹಿಡಿದು ನಿಲ್ಲಿಸುವ ಸುರಕ್ಷಾ ಬಿಲ್ಲೆಯೊಂದು ಸೆಲ್‌ನೊಳಗೇ ಇರುತ್ತದೆ. ಬಡಬಡನೆ ಇಪ್ಪತ್ತು ಬಾರಿ ಹೊಡೆದರೆ ಅದು ಎಚ್ಚೆತ್ತು ರೀಸೈಕಲ್ ಸಮಯವನ್ನು ಎಳೆದುಬಿಡುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿಹೋಗುತ್ತದೆ. ಸೆಲ್ ಮುಗಿಯಿತೆಂದು ತಿಳಿದು ಎಸೆಯುವವರೂ ಇದ್ದಾರೆ. ಹಿಮದ ಚಳಿಯಲ್ಲಿ ಅಪರೂಪಕ್ಕೊಮ್ಮೆ ಬೆಳಕು ಬೇಕಾದಾಗ, ಹೊರೆ ತಗ್ಗಿಸಬೇಕಾದಾಗ ಇದು ತಕ್ಕದ್ದು. ಹೊಸ ಸೆಲ್ ಭಾರವಿಲ್ಲದಾಗ 1.8 ವೋಲ್ಟ್ ತೋರಿಸುತ್ತದೆ, ನಾಲ್ಕು ಸೇರಿ 7.2 ಆಗುತ್ತದೆ. ಹಳೆಯ ಫ್ಲ್ಯಾಶ್‌ಗಳಿಗೆ ಇದು ಹೆಚ್ಚಾಗಬಹುದು, ಕೈಪಿಡಿಯ ಒಪ್ಪಿಗೆಯಿಲ್ಲದೆ ಹಾಕಬೇಡಿ.

ನಿಕೆಲ್-ಸತು ರೀಚಾರ್ಜಬಲ್ ಸೆಲ್‌ನ ವೋಲ್ಟೇಜ್ 1.6, ಚಾರ್ಜರ್‌ನಿಂದ ತೆಗೆದಾಗ 1.85. ಫ್ಲ್ಯಾಶ್ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಕೊಳ್ಳುತ್ತದೆ, ನೋಡಲು ಖುಷಿ. ಸರ್ಕ್ಯೂಟ್‌ಗೆ ಬೀಳುವ ಹೊರೆಯೂ ಅಷ್ಟೇ ಹೆಚ್ಚು, ಸೆಲ್ ಬಾಳುವುದೂ ಕಡಿಮೆ, ಚಾರ್ಜರ್ ಬೇರೆಯೇ ಬೇಕು. ವೇಗದ ಆಸೆಗೆ ಫ್ಲ್ಯಾಶನ್ನೇ ಬಲಿಕೊಡುವ ಕೆಲಸ ಇದು.

ಈಚೆಗೆ ಯುಎಸ್‌ಬಿ ಕಿಂಡಿಯಿರುವ 1.5 ವೋಲ್ಟ್‌ನ ಲಿಥಿಯಂ-ಅಯಾನ್ ಎಎ ಸೆಲ್‌ಗಳು ಬಂದಿವೆ. ಒಳಗಿರುವುದು 3.7 ವೋಲ್ಟ್‌ನ ಸೆಲ್. ತಲೆಯಲ್ಲಿ ಕುಳಿತ ಪುಟ್ಟ ಸರ್ಕ್ಯೂಟ್ ಅದನ್ನು 1.5ಕ್ಕೆ ಇಳಿಸಿ ಕೊಡುತ್ತದೆ. ಆ ಪುಟ್ಟ ಸರ್ಕ್ಯೂಟ್ ಸಾಮಾನ್ಯವಾಗಿ ಎರಡು ಮೂರು ಆಂಪಿಯರ್‌ಗೇ ಕೈಚೆಲ್ಲುತ್ತದೆ. ಫ್ಲ್ಯಾಶ್ ಹೆಚ್ಚು ಎಳೆದಾಗ ನಾಲ್ಕರಲ್ಲಿ ಒಂದು ಮುಚ್ಚಿಕೊಂಡರೂ ಇಡೀ ಸಾಲು ನಿಂತಂತೆ. ಕೊನೆಯವರೆಗೂ 1.5 ತೋರಿಸುತ್ತಿದ್ದು ಮುನ್ಸೂಚನೆ ಕೊಡದೆ ಸೊನ್ನೆಗೆ ಬೀಳುವುದು ಇನ್ನೊಂದು ತೊಂದರೆ. ಗಡಿಯಾರಕ್ಕೆ, ಆಟಿಕೆಗೆ ಚೆನ್ನ, ಫ್ಲ್ಯಾಶ್‌ಗೆ ಅಲ್ಲ.

ಇನ್ನೊಂದು ಅಪಾಯ ನಿಜಕ್ಕೂ ದೊಡ್ಡದು. 14500 ಎಂಬ ಸಂಖ್ಯೆಯ ಲಿಥಿಯಂ-ಅಯಾನ್ ಸೆಲ್ ಎತ್ತರ, ದಪ್ಪ ಎರಡರಲ್ಲೂ ಎಎ ಥರವೇ ಇರುತ್ತದೆ. ತುಂಬಿದಾಗ ಒಂದೊಂದು 4.2 ವೋಲ್ಟ್, ನಾಲ್ಕು ಸೇರಿದರೆ 16.8. ಆರು ವೋಲ್ಟ್‌ಗೆ ಕಟ್ಟಿದ ಸರ್ಕ್ಯೂಟ್ ಸುಟ್ಟುಹೋಗಲು ಇಷ್ಟು ಸಾಕು. ಹೊಸ ಸೆಲ್ ಹಾಕುವ ಮುನ್ನ ಮೈಮೇಲಿನ ವೋಲ್ಟೇಜ್ ಓದುವ ಅಭ್ಯಾಸ ಇರಲಿ.

ಕೊನೆಗೆ ಉಳಿಯುವುದು ನಿಕೆಲ್ ಮೆಟಲ್ ಹೈಡ್ರೈಡ್, ಸೆಲ್ ಮೇಲೆ ಎನ್‌ಐ-ಎಂಎಚ್ ಎಂದು ಅಚ್ಚಾಗಿರುವುದು. ಎಎ ಸೆಲ್ ಹಾಕುವ ಫ್ಲ್ಯಾಶ್‌ಗೆ ಮೊದಲ ಆಯ್ಕೆ ಇದೇ. ಮುಂದಿನ ಮಾತೆಲ್ಲ ಬಹುಪಾಲು ಇದರ ಬಗ್ಗೆಯೇ.

ಹಂತ 2: ನಿಕೆಲ್ ಸೆಲ್ ಕೊಳ್ಳುವಾಗ

ಹಳೆಯ ಮಾದರಿಯ ನಿಕೆಲ್ ಸೆಲ್‌ಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ತುಂಬಿಟ್ಟರೂ ತಿಂಗಳೊಳಗೆ ಕಾಲುಭಾಗ ತಾನಾಗಿ ಸೋರಿಹೋಗುತ್ತಿತ್ತು. 2005ರ ನವೆಂಬರ್‌ನಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ತಂದಮೇಲೆ ಚಿತ್ರ ಬದಲಾಯಿತು. ತಾನಾಗಿ ಸೋರುವುದನ್ನು ತೀರಾ ಕಡಿಮೆ ಮಾಡಿದ ಈ ಬಗೆಯನ್ನು ಈಗ ಹಲವು ತಯಾರಕರು ಮಾಡುತ್ತಾರೆ. ಎನೆಲೂಪ್ ಹೆಸರು ಈಗ ಪ್ಯಾನಸೋನಿಕ್‌ನದು. ಪ್ಯಾಕ್ ಮೇಲೆ "ಚಾರ್ಜ್ ಮಾಡಿಯೇ ಬಂದಿದೆ, ಕೊಂಡ ಕೂಡಲೇ ಬಳಸಿ" ಎಂಬ ಅರ್ಥದ ಮಾತಿದ್ದರೆ ಅದು ಈ ಬಗೆಯ ಸೆಲ್.

ಇಲ್ಲಿ ಎರಡು ಗಾತ್ರದ ನಡುವೆ ಆಯ್ಕೆ ಬರುತ್ತದೆ. 1900-2000 ಮಿಲಿಆಂಪಿಯರ್-ಗಂಟೆಯದು ಒಂದು, 2450-2550ರದು ಇನ್ನೊಂದು. ಹೆಚ್ಚಿನದೇ ಒಳ್ಳೆಯದು ಎಂದು ಕೈ ಅತ್ತ ಹೋಗುತ್ತದೆ. ಆದರೆ ಎನೆಲೂಪ್‌ನ ಸಾಮಾನ್ಯ ಸೆಲ್‌ಗೆ ತಯಾರಕರು ಹೇಳುವ ಚಾರ್ಜ್ ಆವರ್ತನೆ 2100, ಪ್ರೋ ಎಂಬ ದೊಡ್ಡ ಸಾಮರ್ಥ್ಯದ್ದಕ್ಕೆ 500. ಅಷ್ಟೇ ಜಾಗದಲ್ಲಿ ಹೆಚ್ಚು ತುಂಬಬೇಕೆಂದಾಗ ಒಳಗಿನ ಪದರಗಳನ್ನು ತೆಳುವಾಗಿಸಬೇಕಾಗುತ್ತದೆ. ವಯಸ್ಸಾದಂತೆ ಅವುಗಳ ಆಂತರಿಕ ರೋಧ ಬೇಗ ಏರುತ್ತದೆ. ಒಂದೇ ಗುಕ್ಕಿನಲ್ಲಿ ಕಾಲುಭಾಗ ಹೆಚ್ಚು ಚಿತ್ರ ಬೇಕೇಬೇಕು, ಸೆಲ್ ಬದಲಿಸಲು ಬಿಡುವೇ ಇಲ್ಲ ಎನ್ನುವವರಿಗೆ 2500 ಸರಿ. ಉಳಿದವರು 2000ದ ಎರಡು ಸೆಟ್ ಕೊಳ್ಳುವುದೇ ಜಾಣತನ.

ಖೋಟಾ ಸೆಲ್ ಹಿಡಿಯುವ ಸುಲಭ ದಾರಿ ಅಡುಗೆಮನೆಯ ತಕ್ಕಡಿ. 2000ದ ನಿಜವಾದ ನಿಕೆಲ್ ಎಎ 26-27 ಗ್ರಾಂ ತೂಗುತ್ತದೆ, 2500ರದು 30ರ ಹತ್ತಿರ. 18-20 ಗ್ರಾಂ ಬಂದರೆ ಒಳಗೆ ಅರ್ಧ ಬರೀ ಗಾಳಿ. ಈ ಅಳತೆಯ ನಿಕೆಲ್ ಸೆಲ್‌ನಲ್ಲಿ 2800ಕ್ಕಿಂತ ಹೆಚ್ಚು ತುಂಬಿಸಿದವರು ಇಲ್ಲವೆಂದೇ ಹೇಳಬಹುದು; 3500, 4000 ಎಂದು ಅಚ್ಚಾಗಿದ್ದರೆ ಅಚ್ಚು ಹಾಕಿದವನ ಧೈರ್ಯ ಮೆಚ್ಚಿ ಮುಂದೆ ಹೋಗಿ.

ದಪ್ಪವನ್ನೂ ನೋಡಿ. ಎಎ ಸೆಲ್‌ನ ವ್ಯಾಸ 14.5 ಮಿಲಿಮೀಟರ್ ದಾಟಬಾರದು. ಕೆಲವು ಸೆಲ್‌ಗಳ ಹೊರಕವಚ ದಪ್ಪ; ಹೊಡೆತದ ಬಿಸಿಗೆ ಉಬ್ಬಿ ಫ್ಲ್ಯಾಶ್‌ನ ಗೂಡಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಚಾಕು ಹಾಕಿ ಮೀಟಿ ತೆಗೆಯುವ ಸಾಹಸ ಬೇಡ. ಹತ್ತು ನಿಮಿಷ ಆರಲು ಬಿಟ್ಟು ಅಂಗೈ ಮೇಲೆ ತಟ್ಟಿ.

ಹಂತ 3: ಸೆಟ್ ಕಟ್ಟುವುದು

ನಾಲ್ಕು ಸೆಲ್ ಒಂದರ ಹಿಂದೊಂದು ಸರಣಿಯಲ್ಲಿ ಕೂರುತ್ತವೆ. ನಾಲ್ಕು ಎತ್ತು ಕಟ್ಟಿದ ಗಾಡಿಯಲ್ಲಿ ಒಂದು ಕುಂಟಿದರೆ ಗಾಡಿಯೇ ಕುಂಟುತ್ತದೆ. ಸೆಲ್ ವಿಷಯದಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯುತ್ತದೆ: ಸೋತ ಸೆಲ್ ಪೂರ್ತಿ ಖಾಲಿಯಾದ ಮೇಲೂ ಉಳಿದ ಮೂರು ಅದರ ಮೂಲಕ ಪ್ರವಾಹ ತಳ್ಳುತ್ತಲೇ ಇರುತ್ತವೆ. ಆಗ ಅದರ ವೋಲ್ಟೇಜ್ ತಲೆಕೆಳಗಾಗುತ್ತದೆ, ಒಳಗೆ ಹೈಡ್ರೋಜನ್ ಹುಟ್ಟಿ ಒತ್ತಡ ಏರಿ ಸುರಕ್ಷಾ ಕವಾಟದಿಂದ ಹೊರಬೀಳುತ್ತದೆ. ಒಂದೆರಡು ಸಲ ಹೀಗಾದರೆ ಆ ಸೆಲ್‌ನ ಕಥೆ ಮುಗಿಯಿತು.

ಇದನ್ನು ತಪ್ಪಿಸುವ ಕ್ರಮ:

1. ಒಂದೇ ತಯಾರಿಕೆಯ, ಒಂದೇ ಸಾಮರ್ಥ್ಯದ, ಒಂದೇ ಪ್ಯಾಕ್‌ನ ನಾಲ್ಕು ಸೆಲ್ ತೆಗೆದುಕೊಳ್ಳಿ. ಸೆಲ್ ಮೈಮೇಲೆ ಉಬ್ಬಾಗಿ ಒತ್ತಿದ ತಯಾರಿಕೆಯ ತಾರೀಖಿನ ಗುರುತು ನಾಲ್ಕರಲ್ಲೂ ಒಂದೇ ಇದೆಯೇ ನೋಡಿ.
2. ಅಳಿಸದ ಮಾರ್ಕರ್‌ನಿಂದ ಕ1, ಕ2, ಕ3, ಕ4 ಎಂದು ಬರೆಯಿರಿ. ಎರಡನೆಯ ಸೆಟ್‌ಗೆ ಖ1, ಖ2. ಕೊಂಡ ತಿಂಗಳು, ವರ್ಷವನ್ನೂ ಬರೆಯಿರಿ. ಲೇಬಲ್ ಅಂಟಿಸಬೇಡಿ, ದಪ್ಪವಾಗುತ್ತದೆ.
3. ನಾಲ್ಕನ್ನೂ ಪೂರ್ತಿ ಚಾರ್ಜ್ ಮಾಡಿ, ಅಳೆಯುವ ಚಾರ್ಜರ್ ಇದ್ದರೆ ಒಮ್ಮೆ ಡಿಸ್ಚಾರ್ಜ್ ಮಾಡಿಸಿ ಸಾಮರ್ಥ್ಯ ಬರೆದಿಟ್ಟುಕೊಳ್ಳಿ. ನಾಲ್ಕರ ನಡುವಿನ ಅಂತರ 100 ಮಿಲಿಆಂಪಿಯರ್-ಗಂಟೆಯೊಳಗೆ ಇರಬೇಕು.
4. ಆ ನಾಲ್ಕೂ ಒಟ್ಟಿಗೇ ಫ್ಲ್ಯಾಶ್‌ಗೆ, ಒಟ್ಟಿಗೇ ಚಾರ್ಜರ್‌ಗೆ. ಕ3ನ್ನು ಮೌಸ್‌ಗೆ ಹಾಕಲು ಎತ್ತಿಕೊಂಡರೆ ಸೆಟ್ ಮುರಿದಂತೆ.

ಹಂತ 4: ಚಾರ್ಜರ್

ಒಳ್ಳೆಯ ಸೆಲ್ ಕೊಂಡು ಅದರ ಜೊತೆ ಅಗ್ಗದ ಚಾರ್ಜರ್ ಹಾಕುವುದು ಬಹಳ ಸಾಮಾನ್ಯ ತಪ್ಪು. ಸೆಲ್‌ಗಳನ್ನು ಕೊಲ್ಲುವುದರಲ್ಲಿ ಫ್ಲ್ಯಾಶ್‌ಗಿಂತ ಚಾರ್ಜರ್‌ನ ಕೈ ದೊಡ್ಡದು.

ಸೆಲ್ ಕೂರಿಸುವ ನಾಲ್ಕು ಮನೆಗಳಿರುವ ಚಾರ್ಜರ್‌ನಲ್ಲಿ ದೀಪ ಎರಡೇ ಇದ್ದು, ಸೆಲ್‌ಗಳನ್ನು ಜೋಡಿಯಾಗಿಯೇ ಹಾಕಬೇಕು ಎಂದು ಬರೆದಿದ್ದರೆ ಅದು ಎರಡೆರಡನ್ನು ಒಟ್ಟಿಗೆ ತುಂಬುವ ಬಗೆ. ಒಂದು ಮೊದಲು ತುಂಬಿದರೂ ಇನ್ನೊಂದು ತುಂಬುವ ತನಕ ಅದು ಬೇಯುತ್ತಿರಬೇಕು. ನಿಮಗೆ ಬೇಕಾದದ್ದು ಮನೆಗೊಂದು ದೀಪವಿರುವ, ಪ್ರತಿ ಸೆಲ್ಲನ್ನೂ ಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್.

ನಿಕೆಲ್ ಸೆಲ್ ತುಂಬಿತೆಂದು ಚಾರ್ಜರ್ ತಿಳಿಯುವುದು ಒಂದು ಸೂಕ್ಷ್ಮ ಸುಳಿವಿನಿಂದ: ಏರುತ್ತಿದ್ದ ವೋಲ್ಟೇಜ್ 1.45-1.5ರ ಬಳಿ ತುದಿ ಮುಟ್ಟಿ ಕೆಲವೇ ಮಿಲಿವೋಲ್ಟ್ ಕೆಳಗಿಳಿಯುತ್ತದೆ. ಪ್ರವಾಹ ತೀರಾ ಕಡಿಮೆಯಿದ್ದರೆ ಈ ಇಳಿತ ಕಾಣುವುದೇ ಇಲ್ಲ, ಚಾರ್ಜರ್ ತುಂಬುತ್ತಲೇ ಹೋಗುತ್ತದೆ. ಹಾಗಾಗಿ "ನಿಧಾನವಾಗಿ ತುಂಬಿದಷ್ಟೂ ಸೆಲ್‌ಗೆ ಒಳ್ಳೆಯದು" ಎಂಬ ಮಾತು ಇಂಥ ಚಾರ್ಜರ್‌ಗಳಿಗೆ ಹೊಂದುವುದಿಲ್ಲ. 2000ದ ಸೆಲ್‌ಗೆ 500ರಿಂದ 1000 ಮಿಲಿಆಂಪಿಯರ್ ಹದವಾದ ವ್ಯಾಪ್ತಿ. 1000ದಲ್ಲಿ ಎರಡು ಗಂಟೆ ಮೀರಿ ಸ್ವಲ್ಪ, 500ರಲ್ಲಿ ನಾಲ್ಕೂವರೆ ಗಂಟೆಯಷ್ಟು ಹಿಡಿಯುತ್ತದೆ. ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಚಾರ್ಜರ್ ತುದಿಯನ್ನು ಗುರುತಿಸಲು ತಪ್ಪಿದೆ, ಕೂಡಲೇ ತೆಗೆಯಿರಿ. ಫ್ಲ್ಯಾಶ್‌ನಿಂದ ಆಗತಾನೇ ಹೊರಬಂದ ಬಿಸಿ ಸೆಲ್ಲನ್ನು ನೇರ ಚಾರ್ಜರ್‌ಗೆ ಹಾಕಬಾರದು. ಬಿಸಿ ಸೆಲ್ ಚಾರ್ಜ್ ಹಿಡಿಯುವುದೂ ಕಡಿಮೆ, ಸುಳಿವು ಕೊಡುವುದೂ ಅಸ್ಪಷ್ಟ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಲ್‌ಗೆ ಜೀವ ತುಂಬುವ ಒಂದು ಕ್ರಮವಿದೆ. ಸಾಮರ್ಥ್ಯದ ಹತ್ತನೇ ಒಂದು ಪ್ರವಾಹದಲ್ಲಿ, 2000ದ್ದಕ್ಕೆ 200 ಮಿಲಿಆಂಪಿಯರ್‌ನಲ್ಲಿ, ಸರಿಯಾಗಿ 16 ಗಂಟೆ ತುಂಬಿ. ಒಂದು ಗಂಟೆ ಬಿಡಿ. 400 ಮಿಲಿಆಂಪಿಯರ್‌ನಲ್ಲಿ ಖಾಲಿ ಮಾಡಿ. ಮತ್ತೆ 16 ಗಂಟೆ ತುಂಬಿ. ಅಳೆಯುವ ಚಾರ್ಜರ್‌ಗಳಲ್ಲಿ ಬ್ರೇಕ್-ಇನ್ ಎಂಬ ಹೆಸರಿನಲ್ಲಿ ಇದೇ ಇರುತ್ತದೆ. ಇಲ್ಲಿ ಪ್ರವಾಹ ಕಡಿಮೆಯಿದ್ದರೂ ತೊಂದರೆಯಿಲ್ಲ, ಏಕೆಂದರೆ ನಿಲ್ಲಿಸುವುದು ಗಡಿಯಾರ, ವೋಲ್ಟೇಜ್ ಇಳಿತವಲ್ಲ. ಎರಡು ಸುತ್ತಿನ ಬಳಿಕವೂ ಸಾಮರ್ಥ್ಯ ಮೂಲದ 70-80 ಪ್ರತಿಶತ ಮುಟ್ಟದಿದ್ದರೆ ಅದನ್ನು ಫ್ಲ್ಯಾಶ್ ಕೆಲಸದಿಂದ ನಿವೃತ್ತಿಗೊಳಿಸಿ. ಗಡಿಯಾರದಲ್ಲಿ ಇನ್ನೂ ಹಲವು ವರ್ಷ ದುಡಿಯುತ್ತದೆ.

ಹಂತ 5: ಸೆಲ್ ಗಟ್ಟಿಯೋ ಪೊಳ್ಳೋ

ಮಲ್ಟಿಮೀಟರ್‌ನಲ್ಲಿ ಸುಮ್ಮನೆ ವೋಲ್ಟೇಜ್ ನೋಡಿ ನಿಕೆಲ್ ಸೆಲ್‌ನ ಗುಣ ಹೇಳಲಾಗದು. ಮುದಿ ಸೆಲ್ ಕೂಡ ಭಾರವಿಲ್ಲದಾಗ 1.3 ತೋರಿಸಿ ಮೀಸೆ ತಿರುವುತ್ತದೆ. ಭಾರ ಹೊರಿಸಿ ನೋಡಬೇಕು. ಬೇಕಾದದ್ದು 1 ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್, ಮಲ್ಟಿಮೀಟರ್, ಒಂದು ಸೆಲ್ ಹಿಡಿಯುವ ಗೂಡು.

ಪೂರ್ತಿ ತುಂಬಿ ಒಂದು ಗಂಟೆ ಬಿಟ್ಟ ಸೆಲ್‌ನ ವೋಲ್ಟೇಜ್ ಬರೆದುಕೊಳ್ಳಿ. ರೆಸಿಸ್ಟರ್ ಜೋಡಿಸಿ ಹತ್ತು ಸೆಕೆಂಡ್ ಕಾದು ಮತ್ತೆ ಅಳೆಯಿರಿ. ಮೀಟರ್‌ನ ಮೊನೆಗಳು ಸೆಲ್‌ನ ಎರಡು ತುದಿಗಳನ್ನೇ ಮುಟ್ಟಬೇಕು. ಗೂಡಿನ ತಂತಿಯಲ್ಲಿ ಅಳೆದರೆ ತಂತಿಯ ರೋಧವೂ ಸೇರಿಕೊಳ್ಳುತ್ತದೆ. ಎರಡರ ವ್ಯತ್ಯಾಸವನ್ನು ಎರಡನೆಯ ಅಳತೆಯಿಂದ ಭಾಗಿಸಿದರೆ, ರೆಸಿಸ್ಟರ್ 1 ಓಮ್ ಆದ್ದರಿಂದ, ಆಂತರಿಕ ರೋಧ ಓಮ್‌ನಲ್ಲಿ ಸಿಗುತ್ತದೆ. 1.32 ಇದ್ದದ್ದು 1.27 ಆದರೆ 0.05 ಭಾಗ 1.27, ಅಂದರೆ 39 ಮಿಲಿಓಮ್: ಗಟ್ಟಿ. 1.30 ಇದ್ದದ್ದು 1.08ಕ್ಕೆ ಕುಸಿದರೆ 204 ಮಿಲಿಓಮ್: ಈ ಸೆಲ್ ಈಗ ಆಲ್ಕಲೈನ್‌ಗಿಂತ ಮೇಲಲ್ಲ. ರೆಸಿಸ್ಟರ್ ಬಿಸಿಯಾಗುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಫ್ಲ್ಯಾಶ್‌ನಲ್ಲೇ ಪರೀಕ್ಷೆಯಿದೆ. ಮ್ಯಾನುವಲ್ ಮೋಡ್‌ನಲ್ಲಿ ಪೂರ್ಣ ಶಕ್ತಿ ಇಟ್ಟು ಪರೀಕ್ಷಾ ಗುಂಡಿ ಒತ್ತಿ, ಮುಂದಿನ ಹೊಡೆತಕ್ಕೆ ಫ್ಲ್ಯಾಶ್ ತಯಾರೆಂದು ತೋರಿಸುವ ಸಿದ್ಧ ದೀಪ ಹೊತ್ತುವವರೆಗಿನ ಸಮಯವನ್ನು ಫೋನ್‌ನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಿರಿ. ಮೊದಲ ಹೊಡೆತ ಲೆಕ್ಕಕ್ಕಿಲ್ಲ. ಬಳಿಕದ ಐದರ ಸರಾಸರಿಯನ್ನು ಕೈಪಿಡಿಯ ಅಂಕಿಗೆ ಹೋಲಿಸಿ. 2.5 ಎಂದಿರುವಲ್ಲಿ 4 ಬಂದರೆ ಸೆಟ್‌ನಲ್ಲಿ ಎಲ್ಲೋ ಒಂದು ಸೆಲ್ ಸೋತಿದೆ. ಫ್ಲ್ಯಾಶ್‌ನಿಂದ ತೆಗೆದ ಕೂಡಲೇ ನಾಲ್ಕನ್ನೂ ಅಂಗೈಯಲ್ಲಿ ಮುಟ್ಟಿ ನೋಡಿ; ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿರುವುದರ ಮೇಲೆ ಮೊದಲ ಅನುಮಾನ.

ಎಷ್ಟು ಸೆಟ್ ಬೇಕು

2000ದ ನಾಲ್ಕು ಸೆಲ್‌ಗಳಲ್ಲಿ ಇರುವ ಶಕ್ತಿ ಸುಮಾರು 34,500 ಜೂಲ್. ಹೊಡೆತಕ್ಕೆ 100ರಂತೆ ಕಾಗದದ ಮೇಲೆ 345 ಬರುತ್ತದೆ. ಸೆಲ್‌ನೊಳಗೆ ಶಾಖವಾಗಿ ಹೋಗುವುದು, ಪರದೆಯ ಬೆಳಕು, ಝೂಮ್ ಮೋಟಾರ್ ತಿನ್ನುವುದು ಕಳೆದರೆ ದೊಡ್ಡ ಫ್ಲ್ಯಾಶ್‌ನಲ್ಲಿ ಪೂರ್ಣ ಶಕ್ತಿಯ 150ರಿಂದ 250 ಹೊಡೆತ ಎಂದಿಟ್ಟುಕೊಳ್ಳಿ.

ಆದರೆ ಎಲ್ಲ ಹೊಡೆತವೂ ಪೂರ್ಣ ಶಕ್ತಿಯದಲ್ಲ. ಕಾಲು ಶಕ್ತಿಯಲ್ಲಿ ಹೊಡೆದರೆ ಖರ್ಚೂ ಹೆಚ್ಚುಕಡಿಮೆ ಕಾಲು. 600 ಚಿತ್ರ, ಸರಾಸರಿ ಕಾಲು ಶಕ್ತಿ ಎಂದರೆ 150 ಪೂರ್ಣ ಹೊಡೆತಕ್ಕೆ ಸಮ. ಒಂದು ಸೆಟ್ ಅಂಚಿನಲ್ಲಿ ಸಾಕಾಗುತ್ತದೆ. ಎರಡು ಒಯ್ದರೆ ನಿಶ್ಚಿಂತೆ, ಮೂರನೆಯದು ವಿಮೆ. ಮೇಲ್ಛಾವಣಿಗೆ ಬೆಳಕು ತಿರುಗಿಸಿ ಬೌನ್ಸ್ ಮಾಡುವವರು, ಮುಂದೆ ಬೆಳಕು ಮೃದುವಾಗಿಸುವ ಸಾಫ್ಟ್‌ಬಾಕ್ಸ್ ಹಾಕುವವರು ಸರಾಸರಿಯನ್ನು ಅರ್ಧ ಶಕ್ತಿ ಎಂದೇ ಹಿಡಿಯಬೇಕು.

ಸೆಲ್ ಉಳಿಸುವ ಅಗ್ಗದ ಉಪಾಯ ಕ್ಯಾಮೆರಾದಲ್ಲೇ ಇದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು 100ರಿಂದ 400ಕ್ಕೆ ಏರಿಸಿದರೆ ಅದೇ ಬೆಳಕಿಗೆ ಫ್ಲ್ಯಾಶ್ ಕಾಲುಭಾಗ ಶಕ್ತಿ ಸುರಿದರೆ ಸಾಕು: ನಾಲ್ಕು ಪಟ್ಟು ಚಿತ್ರ, ರೀಸೈಕಲ್ ಕೂಡ ಬೇಗ. ಹೆಚ್ಚು ಸಾಮರ್ಥ್ಯದ ಸೆಲ್ ಕೊಂಡು ಸಿಗುವ ಲಾಭ ಇದರ ಮುಂದೆ ಏನೂ ಅಲ್ಲ.

ಸಿದ್ಧ ದೀಪವನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಫ್ಲ್ಯಾಶ್‌ಗಳಲ್ಲಿ ಕೆಪಾಸಿಟರ್ ಪೂರ್ತಿ ತುಂಬುವ ಮುಂಚೆಯೇ ಅದು ಹೊತ್ತುತ್ತದೆ. ಪೂರ್ಣ ಶಕ್ತಿ ಬೇಕಿರುವ ಚಿತ್ರಕ್ಕೆ ದೀಪ ಹೊತ್ತಿದ ಮೇಲೆ ಇನ್ನೊಂದೆರಡು ಸೆಕೆಂಡ್ ಕಾಯಿರಿ. ಆರಂಭದಲ್ಲಿ ಹೇಳಿದ ಮಬ್ಬು ಚಿತ್ರಗಳ ಗುಟ್ಟು ಹಲವು ಸಲ ಇಷ್ಟೇ. ರೀಸೈಕಲ್ ಸಮಯ ಮೊದಲಿದ್ದದ್ದರ ಎರಡು ಪಟ್ಟಾದಾಗ ಸೆಟ್ ಬದಲಿಸಿ. ಕೊನೆಯ ಹನಿಯವರೆಗೂ ಹಿಂಡಿದರೆ ಆ ವೋಲ್ಟೇಜ್ ತಲೆಕೆಳಗಾಗುವ ಆಟ ಶುರುವಾಗುತ್ತದೆ.

ಸೆಲ್ ಗಟ್ಟಿಯಾದಷ್ಟೂ ಫ್ಲ್ಯಾಶ್‌ನ ತಲೆಭಾಗ ಬಿಸಿಯಾಗುವುದು ಹೆಚ್ಚು ಎಂಬುದೂ ನೆನಪಿರಲಿ. ಆಲ್ಕಲೈನ್‌ನ ನಿಧಾನಗತಿ ಒಂದು ರೀತಿಯಲ್ಲಿ ಕೊಳವೆಗೆ ವಿಶ್ರಾಂತಿ ಕೊಡುತ್ತಿತ್ತು. ನಿಕೆಲ್ ಸೆಲ್ ಕೊಡುವುದಿಲ್ಲ. ಪೂರ್ಣ ಶಕ್ತಿಯಲ್ಲಿ ಬಿಡದೆ 15-20 ಹೊಡೆದ ಬಳಿಕ ಹತ್ತು ನಿಮಿಷ ಆರಲು ಬಿಡಿ. ಮೀರಿದರೆ ಮುಂದಿನ ಪ್ಲಾಸ್ಟಿಕ್ ಮಸೂರ ಕಂದಿ ಕರಗುವುದುಂಟು.

ಲಿಥಿಯಂ ಪ್ಯಾಕ್‌ನ ಫ್ಲ್ಯಾಶ್, ಹೊರಗಿನ ಪವರ್ ಪ್ಯಾಕ್

ಹೊಸ ಫ್ಲ್ಯಾಶ್ ಕೊಳ್ಳುವುದಿದ್ದರೆ ತನ್ನದೇ ಲಿಥಿಯಂ-ಅಯಾನ್ ಪ್ಯಾಕ್ ಇರುವುದನ್ನು ಗಂಭೀರವಾಗಿ ನೋಡಿ. ಗೊಡಾಕ್ಸ್ ವಿ1 ಮಾದರಿಯ 7.2 ವೋಲ್ಟ್, 2600 ಮಿಲಿಆಂಪಿಯರ್-ಗಂಟೆಯ ಪ್ಯಾಕ್‌ನಿಂದ ಸುಮಾರು 480 ಪೂರ್ಣ ಹೊಡೆತ, ಒಂದೂವರೆ ಸೆಕೆಂಡಿನ ರೀಸೈಕಲ್ ಎಂದು ತಯಾರಕರು ಹೇಳುತ್ತಾರೆ. ನಾಲ್ಕು ಸೆಲ್ ಎಣಿಸುವ, ಜೋಡಿಸುವ ಗೋಜಿಲ್ಲ. ತೊಡಕು ಒಂದೇ: ಆ ಪ್ಯಾಕ್ ಆ ಫ್ಲ್ಯಾಶ್‌ಗಷ್ಟೇ. ಮುಗಿದಾಗ ಯಾವ ಅಂಗಡಿಯ ಎಎ ಸೆಲ್ಲೂ ನೆರವಿಗೆ ಬಾರದು, ಆದ್ದರಿಂದ ಫ್ಲ್ಯಾಶ್ ಕೊಳ್ಳುವ ದಿನವೇ ಎರಡನೇ ಪ್ಯಾಕ್ ಕೊಳ್ಳಬೇಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಇಡಿ. ಪೂರ್ತಿ ತುಂಬಿಯೂ ಅಲ್ಲ, ಪೂರ್ತಿ ಬರಿದಾಗಿಯೂ ಅಲ್ಲ. ಮೈ ಉಬ್ಬಿದ ಪ್ಯಾಕನ್ನು ಚಾರ್ಜ್ ಮಾಡಲೇಬಾರದು. ವಿಮಾನದಲ್ಲಿ ಹೆಚ್ಚುವರಿ ಲಿಥಿಯಂ ಪ್ಯಾಕ್‌ಗಳನ್ನು ಕೈಚೀಲದಲ್ಲೇ, ತುದಿಗಳನ್ನು ಮುಚ್ಚಿ ಒಯ್ಯಬೇಕು.

ಎಎ ಫ್ಲ್ಯಾಶ್‌ನ ಪಕ್ಕದಲ್ಲಿ ಪುಟ್ಟ ಕಿಂಡಿಯಿದ್ದರೆ ಹೊರಗಿನ ಪವರ್ ಪ್ಯಾಕ್ ಜೋಡಿಸಬಹುದು. ಕೆಪಾಸಿಟರ್‌ಗೆ ನೇರ ಹೈ ವೋಲ್ಟೇಜ್ ಹರಿಸುವ ಪ್ಯಾಕ್ ಇದ್ದಾಗಲೂ ಒಳಗಿನ ನಾಲ್ಕು ಸೆಲ್ ತೆಗೆಯುವಂತಿಲ್ಲ. ಪರದೆ, ನಿಯಂತ್ರಣದ ಸರ್ಕ್ಯೂಟ್ ನಡೆಯುವುದು ಅವುಗಳಿಂದಲೇ. ಆ ಕೇಬಲ್‌ನಲ್ಲಿ ಮುನ್ನೂರು ವೋಲ್ಟ್ ಇರುವುದರಿಂದ ಸಿಪ್ಪೆ ಸುಲಿದ ಕೇಬಲ್ ಬಳಸಬೇಡಿ, ಪ್ಯಾಕ್ ಚಾಲೂ ಇದ್ದಾಗ ಸಿಕ್ಕಿಸಬೇಡಿ, ಕೀಳಬೇಡಿ.

ತುದಿಗಳು, ಸೋರಿಕೆ, ಎತ್ತಿಡುವುದು

ನಾಲ್ಕು ಸೆಲ್‌ಗೆ ಎಂಟು ತುದಿ. ಒಂದೊಂದರಲ್ಲಿ ಬೆರಳ ಜಿಡ್ಡು 20 ಮಿಲಿಓಮ್ ಸೇರಿಸಿದರೂ ಒಟ್ಟು 160; ಒಳ್ಳೆಯ ನಾಲ್ಕು ಸೆಲ್‌ಗಳ ಆಂತರಿಕ ರೋಧದ ಮೊತ್ತವೂ ಅಷ್ಟನ್ನು ಮೀರುವುದಿಲ್ಲ. ಕಷ್ಟಪಟ್ಟು ಆರಿಸಿದ ಸೆಲ್‌ನ ಲಾಭ ಜಿಡ್ಡಿನಲ್ಲಿ ಹೋಯಿತು. ಎರಡು ತಿಂಗಳಿಗೊಮ್ಮೆ ಸೆಲ್‌ಗಳ ತುದಿ, ಫ್ಲ್ಯಾಶ್‌ನೊಳಗಿನ ಲೋಹದ ಪಟ್ಟಿ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಕಪ್ಪು ಕಲೆಗೆ ಪೆನ್ಸಿಲ್ ರಬ್ಬರ್ ಸಾಕು. ಮರಳು ಕಾಗದ ಉಜ್ಜಿದರೆ ಮೇಲಿನ ಲೇಪ ಹೋಗಿ ತುಕ್ಕು ಬೇಗ ಹತ್ತುತ್ತದೆ.

ಸೋರಿಕೆ ಆಲ್ಕಲೈನ್‌ನ ರೋಗ. ಫ್ಲ್ಯಾಶ್‌ನಲ್ಲಿ ಎಚ್ಚರವಿರುವವರೂ ಫ್ಲ್ಯಾಶನ್ನು ದೂರದಿಂದ ಹೊತ್ತಿಸುವ ರೇಡಿಯೋ ಟ್ರಿಗರ್‌ನಲ್ಲಿ ಎರಡು ಆಲ್ಕಲೈನ್ ಮರೆತು ಕೂರುತ್ತಾರೆ. ಬಿಳಿ ಹರಳು ಕಂಡರೆ ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದ ಗುರುತು. ಚರ್ಮ, ಕಣ್ಣು ಎರಡಕ್ಕೂ ಸುಡುವ ವಸ್ತು. ಕೈಗವಸು ಹಾಕಿ, ಹತ್ತಿಯ ಮೊನೆಗೆ ವಿನಿಗರ್ ಅಥವಾ ನಿಂಬೆರಸ ಅದ್ದಿ ಒರೆಸಿ, ಬಳಿಕ ಆಲ್ಕೋಹಾಲ್‌ನಿಂದ ಒರೆಸಿ ಒಂದು ದಿನ ಆರಲು ಬಿಡಿ. ದ್ರವ ಸುರಿಯಬೇಡಿ. ಕೆಪಾಸಿಟರ್‌ನಲ್ಲಿ ಪ್ರಾಣಾಪಾಯದಷ್ಟು ಚಾರ್ಜ್ ಉಳಿದಿರಬಹುದಾದ್ದರಿಂದ ಫ್ಲ್ಯಾಶ್‌ನ ಮೈ ಬಿಚ್ಚುವ ಕೆಲಸವನ್ನು ರಿಪೇರಿಯವರಿಗೇ ಬಿಡಿ.

ತುಂಬಿದ ಸೆಟ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಜೇಬಿನಲ್ಲಿ ಕೀಲಿ, ನಾಣ್ಯಗಳ ಜೊತೆ ಅಲ್ಲ. ತುದಿಗಳು ಕೂಡಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿ ಏಳುತ್ತದೆ. ತುಂಬಿದವುಗಳ ತಲೆ ಮೇಲೆ, ಬಳಸಿದವುಗಳ ತಲೆ ಕೆಳಗೆ ಎಂಬ ನಿಯಮ ಇಟ್ಟುಕೊಂಡರೆ ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಳಸದಿದ್ದರೂ ಮೂರು ನಾಲ್ಕು ತಿಂಗಳಿಗೊಮ್ಮೆ ನಿಕೆಲ್ ಸೆಟ್‌ಗಳನ್ನು ಚಾರ್ಜ್ ಮಾಡಿ.

ಫ್ಲ್ಯಾಶನ್ನೂ ಸುಮ್ಮನೆ ಮಲಗಿಸಬಾರದು. ತಿಂಗಳುಗಟ್ಟಲೆ ಬಳಸದಿದ್ದರೆ ಕೆಪಾಸಿಟರ್‌ನೊಳಗಿನ ಆಕ್ಸೈಡ್ ಪದರ ಸೊರಗಿ ಪ್ರವಾಹ ಸೋರತೊಡಗುತ್ತದೆ. ಆಗ ಮೊದಲ ರೀಸೈಕಲ್ ವಿಪರೀತ ನಿಧಾನವಾಗಿ, ಒಳ್ಳೆಯ ಸೆಲ್ ಮೇಲೂ ಅನುಮಾನ ಬರುತ್ತದೆ. ತಿಂಗಳಿಗೊಮ್ಮೆ ಸೆಲ್ ಹಾಕಿ, ದೀಪ ಹೊತ್ತಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಪೂರ್ಣ ಶಕ್ತಿಯಲ್ಲಿ ಐದಾರು ಸಲ ಹೊಡೆಯಿರಿ. ಬಳಿಕ ಸ್ವಿಚ್ ಆರಿಸಿ, ಸೆಲ್ ತೆಗೆದು ಎತ್ತಿಡಿ.